ಎಲ್ಲಿಂದ ಐದು ಸಾವಿರ?

ಯಾರಾದರೂ ಒಂದು ಅಂಕಿ ಹೇಳಿದರೆ ನಮ್ಮ ಗೆರೆ ಅಕ್ಕನಿಗೆ ಅದು ಅಲ್ಲಿಗೇ ಮುಗಿಯುತ್ತಿರಲಿಲ್ಲ. ಬಸ್ ನಿಲ್ದಾಣ ಅರ್ಧ ಮೈಲಿ ಎಂದರೆ "ಎಲ್ಲಿಂದ?" ಎನ್ನುತ್ತಿದ್ದರು. ಸಾಹೇಬರು ಹತ್ತು ನಿಮಿಷದಲ್ಲಿ ಬರುತ್ತಾರೆ ಎಂದರೆ "ಯಾವಾಗಿನಿಂದ ಹತ್ತು?" ಎಂದು ಕೇಳಿ ಜವಾನನ ಬಾಯಿ ಮುಚ್ಚಿಸುತ್ತಿದ್ದರು. ಅವರ ಯಜಮಾನರು ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು, ತಮಾಷೆಯ ಮನುಷ್ಯ. "ಮೊದಲನೇ ಸಲ ಮಾತಾಡಿಸಿದಾಗ ನನ್ನ ಎತ್ತರ ಐದಡಿ ಎಂಟಿಂಚು ಅಂದೆ. ಚಪ್ಪಲಿ ಬಿಟ್ಟೋ ಹಾಕ್ಕೊಂಡೋ ಅಂತ ಕೇಳಿದ್ಳು. ಅವತ್ತೇ ನಾನು ಓಡಿಹೋಗ್ಬೇಕಿತ್ತು" ಎಂದು ಅವರು ನಮ್ಮೆದುರೇ ಹೇಳುತ್ತಿದ್ದರು. ಅಕ್ಕ ಮುಖ ತಿರುಗಿಸಿ ನಗುತ್ತಿದ್ದರು.

ಈ ಗುಣ ಅವರಿಗೆ ಬಂದದ್ದು ಅಪ್ಪನಿಂದ. ಅವರ ಅಪ್ಪ ಜಮೀನು ಅಳೆಯುವ ಮೋಜಣಿದಾರ. ರಜೆಯ ದಿನಗಳಲ್ಲಿ ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅಳತೆಯ ಸರಪಳಿಯ ಒಂದು ತುದಿಯನ್ನು ಅವಳ ಕೈಗೆ ಕೊಟ್ಟು, "ನೀನು ಅಲುಗಾಡಿದ್ರೆ ಊರೇ ಅಲುಗಾಡುತ್ತೆ, ನೆನಪಿರ್ಲಿ" ಎನ್ನುತ್ತಿದ್ದರಂತೆ. ಹಾಗೆ ಅಲುಗಾಡದೆ ನಿಂತ ಹುಡುಗಿಯೇ ಮುಂದೆ ಮೂವತ್ತೊಂದು ವರ್ಷ ವಿಮಾನ ನಿಲ್ದಾಣದ ಮೊದಲ ಮಹಡಿಯ ಒಂದು ಕೋಣೆಯಲ್ಲಿ ನಿಂತರು. ಅದರಲ್ಲಿ ಹನ್ನೊಂದು ವರ್ಷ ನಾನು ಅವರ ಕೈಕೆಳಗಿದ್ದೆ. ಅವರ ಬಗ್ಗೆ ಬರೆಯಬೇಕು ಎಂದು ಬಹಳ ದಿನದಿಂದ ಅಂದುಕೊಂಡು ಮುಂದಕ್ಕೆ ಹಾಕುತ್ತ ಬಂದೆ. ಅವರ ಬಗ್ಗೆ ಬರೆದರೆ ನನ್ನ ಬಗ್ಗೆಯೂ ಬರೆಯಬೇಕಾಗುತ್ತದೆ, ಅದು ನನಗೆ ಇಷ್ಟವಿರಲಿಲ್ಲ.

ಜನ ಆಕಾಶವನ್ನು ಬಯಲು ಅಂದುಕೊಂಡಿರುತ್ತಾರೆ. ನಾನೂ ಕೆಲಸಕ್ಕೆ ಸೇರುವವರೆಗೆ ಹಾಗೇ ಅಂದುಕೊಂಡಿದ್ದೆ. ಅಲ್ಲಿಯೂ ಬೇಲಿಗಳಿವೆ, ಬಾಗಿಲುಗಳಿವೆ, ಇಂಥ ಹೊತ್ತಿಗೆ ಒಳಗೆ ಬರಬೇಡಿ ಎಂಬ ಬೋರ್ಡುಗಳಿವೆ, ಆದರೆ ಒಂದೂ ಕಣ್ಣಿಗೆ ಕಾಣುವುದಿಲ್ಲ. ಒಂದು ಕಡೆ ಸೈನ್ಯದವರು ಫಿರಂಗಿ ಹಾರಿಸಿ ಅಭ್ಯಾಸ ಮಾಡುತ್ತಾರೆ. ಇನ್ನೊಂದು ಕಡೆ ಕಾಡಿಗೆ ಬೆಂಕಿ ಬಿದ್ದು ಹೆಲಿಕಾಪ್ಟರುಗಳು ನೀರು ಹೊತ್ತು ಸುತ್ತುತ್ತಿರುತ್ತವೆ. ಮತ್ತೊಂದು ಕಡೆ ಹೊಸ ವಿಮಾನದ ಪರೀಕ್ಷೆ ನಡೆಯುತ್ತಿರುತ್ತದೆ. ಇಂಥ ಜಾಗಕ್ಕೆ ಎಷ್ಟರಿಂದ ಎಷ್ಟು ಗಂಟೆಯವರೆಗೆ, ಎಷ್ಟು ಎತ್ತರದವರೆಗೆ ಹೋಗಬಾರದು ಎಂಬುದನ್ನು ಹೊರಡುವ ಪ್ರತಿ ಪೈಲಟ್‌ಗೂ ತಿಳಿಸಿ ಕಳಿಸುವುದು ನಮ್ಮ ಕೋಣೆಯ ಕೆಲಸ. ತಿಳಿಸಿದರೆ ಯಾರೂ ಹೊಗಳುವುದಿಲ್ಲ. ತಿಳಿಸದಿದ್ದರೆ ಏನಾಗುತ್ತದೆ ಎಂದು ಯೋಚಿಸುವುದಕ್ಕೂ ಭಯವಾಗುತ್ತದೆ.

ಕೋಣೆಯಲ್ಲಿ ಒಂದು ಉದ್ದನೆಯ ಕೌಂಟರ್, ಮೂರು ಫೋನು, ಒಂದು ಮುದ್ರಣ ಯಂತ್ರ. ಗೋಡೆಯ ತುಂಬ ಒಂದು ನಕ್ಷೆ, ಅದರ ಮೇಲೆ ಗಾಜು. ಪ್ರತಿ ಬೆಳಿಗ್ಗೆ ಅಕ್ಕ ಆ ಗಾಜಿನ ಮೇಲೆ ಕೆಂಪು ಮೇಣದ ಪೆನ್ಸಿಲಿನಿಂದ ಆ ದಿನದ ಗೆರೆಗಳನ್ನು ಎಳೆದು, ಒಳಗೆ ಎತ್ತರ ಮತ್ತು ಸಮಯ ಬರೆಯುತ್ತಿದ್ದರು. ಗೆರೆ ಅಕ್ಕ ಎಂಬ ಹೆಸರು ಬಂದದ್ದು ಅದರಿಂದ. ಕಂಪ್ಯೂಟರ್ ಬಂದು ಎಲ್ಲವೂ ಕಾಗದದಲ್ಲಿ ಅಚ್ಚಾಗಿ ಬರತೊಡಗಿದ ಮೇಲೂ ಅವರು ಪೆನ್ಸಿಲ್ ಬಿಡಲಿಲ್ಲ. ಪೈಲಟ್ ಬಂದರೆ ಕಾಗದ ಕೊಡುವುದಕ್ಕೆ ಮುಂಚೆ "ಬೆರಳಿಡಿ" ಎನ್ನುತ್ತಿದ್ದರು. ಅವನು ನಕ್ಷೆಯ ಮೇಲೆ ಹೊರಡುವ ಜಾಗದಿಂದ ಇಳಿಯುವ ಜಾಗದವರೆಗೆ ತನ್ನ ಬೆರಳನ್ನು ಎಳೆದುಕೊಂಡು ಹೋಗಬೇಕು. ಬೆರಳಿಗೆ ಸಿಕ್ಕ ಪ್ರತಿ ಕೆಂಪು ಗೆರೆಯ ಹತ್ತಿರ ನಿಂತು, ಅಲ್ಲಿ ಏನಿದೆ, ತಾನು ಏನು ಮಾಡುತ್ತೇನೆ ಎಂದು ಬಾಯಿಬಿಟ್ಟು ಹೇಳಬೇಕು. ಆಮೇಲೆ ಸಹಿ. ಇಪ್ಪತ್ತು ಸಾವಿರ ಗಂಟೆ ಹಾರಿದ ಕ್ಯಾಪ್ಟನ್ನುಗಳೂ ಒಂದನೇ ಕ್ಲಾಸಿನ ಮಕ್ಕಳ ಹಾಗೆ ಗೋಡೆಯ ಮುಂದೆ ನಿಂತು ಬೆರಳು ಎಳೆಯುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ಗೊಣಗುತ್ತಿದ್ದವನು ಅವಸರದಪ್ಪ. ನಾಲ್ಕು ಸೀಟಿನ ಬಾಡಿಗೆ ವಿಮಾನದ ಪೈಲಟ್, ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ಅವನಿಗೂ ಅಕ್ಕನಿಗೂ ಇಪ್ಪತ್ತು ವರ್ಷದಿಂದ ಎಣ್ಣೆ ಸೀಗೆಕಾಯಿ.

ಆ ದಿನ ಬೆಳಿಗ್ಗೆ ಏಳು ಹತ್ತಕ್ಕೆ ಫಿರಂಗಿ ಬಯಲಿನಿಂದ ಫೋನು ಬಂತು. ಬೆಟ್ಟದ ಮೇಲೆ ಮೇಜಿನ ಹಾಗೆ ಹರಡಿಕೊಂಡಿರುವ ಬಯಲು ಅದು, ನಮ್ಮಿಂದ ಎಪ್ಪತ್ತು ಮೈಲಿ. ಹದಿನೆಂಟು ವರ್ಷ ಅಲ್ಲಿಂದ ಸೂಚನೆ ಓದಿ ಹೇಳುತ್ತಿದ್ದ ಗುಮಾಸ್ತರು ಹಿಂದಿನ ತಿಂಗಳಷ್ಟೇ ನಿವೃತ್ತರಾಗಿದ್ದರು. ಈಗ ಹೊಸಬ. ಅವನು ಹೇಳುತ್ತ ಹೋದ, ನಾನು ನಮೂನೆಯ ಹಾಳೆಯಲ್ಲಿ ಬರೆಯುತ್ತ ಹೋದೆ. ಸಮಯ, ಹತ್ತೂವರೆಯಿಂದ ಒಂದು. ಎತ್ತರ, ಐದು ಸಾವಿರ ಅಡಿ. ಅದರ ಪಕ್ಕದಲ್ಲಿ ಒಂದು ಪುಟ್ಟ ಖಾನೆ ಇದೆ: ಆ ಎತ್ತರವನ್ನು ಎಲ್ಲಿಂದ ಅಳೆದದ್ದು, ಸಮುದ್ರ ಮಟ್ಟದಿಂದಲೋ, ಅಲ್ಲಿನ ನೆಲದಿಂದಲೋ. ಹೊಸಬ ಅದನ್ನು ಹೇಳಲಿಲ್ಲ. ನಾನು ಕೇಳಲಿಲ್ಲ. ಫೋನ್ ಇಟ್ಟಮೇಲೆ ಆ ಖಾನೆ ಖಾಲಿ ಇರುವುದನ್ನು ನೋಡಿದೆ. ಇನ್ನೊಂದು ಫೋನು ಹೊಡೆದುಕೊಳ್ಳುತ್ತಿತ್ತು, ಚಹಾ ತಣ್ಣಗಾಗುತ್ತಿತ್ತು. ಹಳೆಯ ಗುಮಾಸ್ತರು ಯಾವಾಗಲೂ ಸಮುದ್ರ ಮಟ್ಟದಿಂದಲೇ ಹೇಳುತ್ತಿದ್ದರು. ನಾನು "ಸಮುದ್ರ ಮಟ್ಟ" ಎಂದು ಬರೆದು ಕಂಪ್ಯೂಟರಿಗೆ ಹಾಕಿದೆ. ನಾಲ್ಕು ಸೆಕೆಂಡಿನ ಕೆಲಸ.

ಅಕ್ಕ ಎಂಟೂವರೆಗೆ ಬಂದು ಗಾಜು ಒರೆಸಿ ಗೆರೆ ಎಳೆದರು. ಫಿರಂಗಿ ಬಯಲಿನ ಹತ್ತಿರ ಬಂದಾಗ ಅವರ ಕೈ ನಿಂತಿತು.

"ಇಲ್ಲಿ ಯಾವಾಗ್ಲೂ ಎಂಟು ಸಾವಿರ ಇರ್ತಿತ್ತಲ್ಲಪ್ಪ?"

"ಸಣ್ಣ ಫಿರಂಗಿ ಇರ್ಬೇಕು ಅಕ್ಕ" ಎಂದೆ, ತಲೆ ಎತ್ತದೆ.

ಕಂಪ್ಯೂಟರಿನಿಂದ ಬಂದ ಹಾಳೆಯ ಮೇಲೆ ಕಣ್ಣಾಡಿಸಿದರು. ಸಮುದ್ರ ಮಟ್ಟ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಅವರು ಕೇಳಬೇಕಿದ್ದ ಒಂದೇ ಪ್ರಶ್ನೆಗೆ ನಾನು ಮೊದಲೇ ಉತ್ತರ ಬರೆದಿಟ್ಟುಬಿಟ್ಟಿದ್ದೆ.

ಒಂಬತ್ತು ನಲವತ್ತಕ್ಕೆ ಅವಸರದಪ್ಪ ಬಂದ. ಅವನ ಹಿಂದೆ ಒಬ್ಬ ಡಾಕ್ಟರಮ್ಮ, ಒಬ್ಬ ನರ್ಸು, ಅವರಿಬ್ಬರ ನಡುವೆ ಒಂದು ಬಿಳಿ ಪೆಟ್ಟಿಗೆ. ಬೆಟ್ಟದಾಚೆಯ ಊರಿನ ಆಸ್ಪತ್ರೆಯಲ್ಲಿ ಆಪರೇಷನ್ ಇತ್ತು.

"ಅಕ್ಕ, ಇವತ್ತೊಂದಿನ ಬೆರಳು ಬಿಟ್ಬಿಡಿ. ಅಲ್ಲಿ ಪೇಷಂಟ್ ಹೊಟ್ಟೆ ಹಿಡ್ಕೊಂಡು ಮಲಗಿದಾರೆ."

"ಹಾಗಾದ್ರೆ ಬೇಗ ಇಡಿ."

ಡಾಕ್ಟರಮ್ಮ ನಕ್ಕರು. ಅವಸರದಪ್ಪ ಹಲ್ಲು ಕಡಿಯುತ್ತ ಬೆರಳು ಎಳೆದ. ಬಯಲಿನ ಗೆರೆಯ ಹತ್ತಿರ ನಿಂತು, "ಫಿರಂಗಿ. ಹತ್ತೂವರೆಯಿಂದ. ಐದು ಸಾವಿರದವರೆಗೆ. ನಾನು ಆರೂವರೆ ಸಾವಿರದಲ್ಲಿ ಮೇಲಿಂದ ದಾಟ್ತೀನಿ. ಸಾಕಾ ತಾಯಿ?" ಎಂದ.

"ಸಾಕು" ಎಂದು ಅಕ್ಕ ಸಹಿಗೆ ಹಾಳೆ ಮುಂದಿಟ್ಟರು. ತಮ್ಮ ಸಹಿಯನ್ನೂ ಹಾಕಿದರು. ಹತ್ತು ಗಂಟೆ ಐದು ನಿಮಿಷಕ್ಕೆ ಕಿಟಕಿಯಾಚೆ ಆ ಪುಟ್ಟ ವಿಮಾನ ಮೇಲೆದ್ದಿತು.

ನಮ್ಮ ಕೋಣೆಗೆ ಬಿಸಿಲು ಬರುವುದು ಹತ್ತು ಗಂಟೆಯ ಮೇಲೆ. ಕಿಟಕಿಯ ಪರದೆ ಸರಿಸಿದರೆ ಗಾಜಿನ ಮೇಲೆ ಅಡ್ಡಡ್ಡವಾಗಿ ಬೀಳುತ್ತದೆ. ಅಕ್ಕ ಆವತ್ತು ಪರದೆ ಸರಿಸಿ, ತಿರುಗಿ ನೋಡಿ, ಹಾಗೇ ನಿಂತುಬಿಟ್ಟರು. ಹದಿನೆಂಟು ವರ್ಷ ಒಂದೇ ಜಾಗದಲ್ಲಿ ಒಂದೇ ಅಂಕಿಯನ್ನು ಬರೆದು ಒರೆಸಿ ಬರೆದು ಒರೆಸಿ ಗಾಜಿಗೇ ಕಲೆ ಹಿಡಿದಿತ್ತು. ಆ ದಿನ ಬರೆದ ಐದು ಸಾವಿರದ ಹಿಂದೆ ಮಸುಕಾಗಿ ಎಂಟು ಸಾವಿರ ಕಾಣುತ್ತಿತ್ತು. ನಾನೂ ನೋಡಿದೆ. ನನಗೆ ಅದು ಬರಿ ಕಲೆಯಾಗಿ ಕಂಡಿತು.

ಅಕ್ಕ ಮೆಲ್ಲಗೆ ತಮಗೆ ತಾವೇ ಹೇಳಿಕೊಂಡರು: "ಬಯಲು ಇರೋದೇ ಮೂರು ಸಾವಿರ ಅಡಿ ಮೇಲೆ. ಅಲ್ಲಿ ನಿಂತು ಅಳೆದ್ರೆ ಐದು. ಮೂರೂ ಐದೂ ಎಂಟು."

ಆಮೇಲೆ ನನ್ನ ಕಡೆ ತಿರುಗಿದರು. ಗೋಡೆಯ ಗಡಿಯಾರದಲ್ಲಿ ಹತ್ತು ಇಪ್ಪತ್ತನಾಲ್ಕು.

"ಸಮುದ್ರ ಮಟ್ಟ ಅಂತ ಅವ್ರು ಹೇಳಿದ್ರಾ, ನೀನು ಬರೆದ್ಯಾ?"

ಆ ಪ್ರಶ್ನೆಯ ತೂಕ ನನಗೆ ಆ ಕ್ಷಣವೇ ಗೊತ್ತಾಯಿತು. ಹೊಸಬ ಹೇಳಿದ್ದೇ ಆದರೆ ಗುಂಡು ಐದು ಸಾವಿರ ದಾಟುವುದಿಲ್ಲ, ಅವಸರದಪ್ಪ ಮೇಲೆ ಕ್ಷೇಮ. ನಾನೇ ಬರೆದದ್ದಾದರೆ ಗುಂಡು ಎಂಟು ಸಾವಿರದವರೆಗೆ ಏರುತ್ತದೆ, ಅವಸರದಪ್ಪ ನಡುವೆ. ಅಕ್ಕನ ಬಳಿ ಬೇರೆ ಯಾವ ಸಾಕ್ಷಿಯೂ ಇರಲಿಲ್ಲ. ಫೋನಿನಲ್ಲಿ ಬಂದ ಮಾತು, ನನ್ನ ಕೈಬರಹ. ನನ್ನ ಮಾತೊಂದೇ ಇದ್ದದ್ದು.

"ಅವ್ರೇ ಹೇಳಿದ್ರು" ಎಂದೆ.

ಯಾಕೆ ಹೇಳಿದೆ ಎಂದು ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರಿತ್ತು, ನಿಜ. ಆದರೆ ಆ ಕ್ಷಣದಲ್ಲಿ ಬಡ್ತಿ ನೆನಪಾಗಲಿಲ್ಲ. ಕದ್ದು ಸಿಕ್ಕಿಬಿದ್ದವನ ಬಾಯಿಗೆ ಬರುವ ಮೊದಲ ಮಾತು ಬಂತು, ಅಷ್ಟೇ. ನಾಚಿಕೆಗೆಟ್ಟವನು ನಾನು, ಬೇರೆ ಹೇಳುವುದೇನಿಲ್ಲ.

ಅಕ್ಕ ಉಸಿರು ಬಿಟ್ಟು ಕುರ್ಚಿಯಲ್ಲಿ ಕೂತರು. "ಬದುಕಿದೆ" ಎಂದರು. ನೀರಿನ ಬಾಟಲಿ ತೆಗೆದು ಒಂದು ಗುಟುಕು ಕುಡಿದರು. ನನ್ನ ಮಾತನ್ನು ಅವರು ನಂಬಿದ್ದರು. ಅಷ್ಟು ವರ್ಷದ ನಂಬಿಕೆ ಅದು. ನಾನು ಗಡಿಯಾರ ನೋಡುತ್ತಿದ್ದೆ. ಸೆಕೆಂಡಿನ ಮುಳ್ಳು ಒಂದು ಸುತ್ತು ಬಂತು. ಡಾಕ್ಟರಮ್ಮ ನಕ್ಕದ್ದು ನೆನಪಾಯಿತು. ಇನ್ನೊಂದು ಸುತ್ತು ಬರುವಷ್ಟರಲ್ಲಿ ಮೇಜು ಹಿಡಿದುಕೊಂಡು ಎದ್ದು ನಿಂತೆ.

"ಅಕ್ಕ, ಅವ್ರು ಹೇಳ್ಲಿಲ್ಲ. ಖಾನೆ ಖಾಲಿ ಇತ್ತು. ನಾನೇ ಬರೆದೆ."

ಅವರು ನನ್ನ ಮುಖ ನೋಡಿದ್ದು ಒಂದು ಕ್ಷಣ. ಬೈಯಲಿಲ್ಲ, ಹಣೆ ಚಚ್ಚಿಕೊಳ್ಳಲಿಲ್ಲ. ಒಂದು ಕೈಯಲ್ಲಿ ಒಂದು ಫೋನು ಎತ್ತಿಕೊಂಡರು, ಇನ್ನೊಂದು ಫೋನನ್ನು ನನ್ನ ಕಡೆ ನೂಕಿದರು. "ಬಯಲಿಗೆ ಹಚ್ಚು. ಎತ್ತೋವರೆಗೂ ಬಿಡ್ಬೇಡ."

ಅವರು ಹಚ್ಚಿದ್ದು ಮೇಲಿನ ಮಹಡಿಯ ಕಂಟ್ರೋಲ್ ಕೋಣೆಗೆ. ಅಲ್ಲಿದ್ದವನನ್ನು ನಾವು ತಣ್ಣೀರು ಎಂದು ಕರೆಯುತ್ತಿದ್ದೆವು, ಅವನು ಯಾವತ್ತೂ ಬಿಸಿಯಾದವನಲ್ಲ. ಅಕ್ಕ ವಿಷಯವನ್ನು ಮೂರು ವಾಕ್ಯದಲ್ಲಿ ಹೇಳಿದರು. ಅವನು ರೇಡಿಯೋದಲ್ಲಿ ಅವಸರದಪ್ಪನನ್ನು ಕರೆದ. ಉತ್ತರವಿಲ್ಲ. ಮತ್ತೆ ಕರೆದ. ಅಕ್ಕನ ಕಿವಿಯಲ್ಲಿದ್ದ ಫೋನಿನಿಂದ ಆ ಕರೆ ನನಗೂ ಸಣ್ಣಗೆ ಕೇಳುತ್ತಿತ್ತು.

"ಅಕ್ಕ, ಗುಡ್ಡದ ಹಿಂದೆ ಹೋಗಿದಾನೆ. ನಮ್ಮ ದನಿ ಮುಟ್ಟಲ್ಲ" ಎಂದ ತಣ್ಣೀರು.

"ಯಾರ ದನಿ ಮುಟ್ಟುತ್ತೆ?"

"ಮೇಲೆ ದೊಡ್ಡ ಪ್ಯಾಸೆಂಜರ್ ವಿಮಾನ ಒಂದು ಬರ್ತಿದೆ. ಅದು ಗುಡ್ಡದ ಮೇಲೆ ಬಂದ್ರೆ ಅವರಿಂದ ಕೂಗಿಸಬಹುದು."

"ಯಾವಾಗ ಬರುತ್ತೆ?"

"ಹತ್ತು ಮೂವತ್ತಾರು."

ಅವಸರದಪ್ಪ ನಿಮಿಷಕ್ಕೆ ಎರಡು ಮೈಲಿ ಹೋಗುತ್ತಾನೆ. ಹತ್ತು ನಲವತ್ತಕ್ಕೆ ಗೆರೆ ದಾಟುತ್ತಾನೆ. ಅಕ್ಕ ಎದ್ದು ನಕ್ಷೆಯ ಹತ್ತಿರ ಹೋದರು. ಫೋನಿನ ತಂತಿ ಎಳೆದುಕೊಂಡು ಬಂತು. ಗಾಜಿನ ಮೇಲೆ ಅವನ ದಾರಿಯಲ್ಲಿ ಬೆರಳಿಟ್ಟು, ಗಡಿಯಾರ ನೋಡುತ್ತ, ನಿಮಿಷ ನಿಮಿಷಕ್ಕೂ ಬೆರಳನ್ನು ಒಂದಿಷ್ಟು ಮುಂದೆ ಸರಿಸತೊಡಗಿದರು. ಆ ಬೆರಳನ್ನು ನೋಡುವುದು ನನ್ನಿಂದಾಗಲಿಲ್ಲ. ನೋಡದೆ ಇರುವುದೂ ಆಗಲಿಲ್ಲ.

ನನ್ನ ಫೋನು ಆ ಕಡೆ ಹೊಡೆದುಕೊಂಡೇ ಇತ್ತು. ಯಾವುದೋ ಖಾಲಿ ಕೋಣೆ, ಯಾವುದೋ ಮೇಜು. ಕಡಿದುಹೋಯಿತು. ಮತ್ತೆ ಹಚ್ಚಿದೆ. ಹತ್ತೂವರೆಯಾಯಿತು. ಈಗ ಅಲ್ಲಿ ಮೊದಲ ಗುಂಡು ಹೊರಟಿರಬೇಕು. ಮತ್ತೆ ಹಚ್ಚಿದೆ. ಬೆವರಿಗೆ ಫೋನು ಕೈಯಿಂದ ಜಾರುತ್ತಿತ್ತು. ಹತ್ತು ಮೂವತ್ತೈದಕ್ಕೆ ಯಾರೋ ಎತ್ತಿದರು. ಬೆಳಗಿನ ಹೊಸಬನೇ, ಏದುಸಿರು ಬಿಡುತ್ತಿದ್ದ.

"ಐದು ಸಾವಿರ ಅಂದ್ರಲ್ಲ" ಎಂದೆ. "ಎಲ್ಲಿಂದ ಐದು ಸಾವಿರ?"

"ಎಲ್ಲಿಂದ ಅಂದ್ರೇನ್ ಸಾರ್? ಫಿರಂಗಿ ನಿಂತಿರೋ ನೆಲದಿಂದ."

"ನಿಲ್ಸಿ. ವಿಮಾನ ಬರ್ತಿದೆ. ನಿಲ್ಸಿ."

"ಅಯ್ಯೋ, ಸಾಹೇಬ್ರು ಆ ತುದೀಲಿದ್ದಾರೆ ಸಾರ್. ಜೀಪಲ್ಲಿ ಹೋದ್ರೂ ಆರೇಳು ನಿಮಿಷ. ಹೊರಟೆ." ಫೋನು ಮೇಜಿನ ಮೇಲೆ ಬಿದ್ದ ಸದ್ದು ಕೇಳಿತು. ಅದರ ಹಿಂದೆ, ಎಲ್ಲೋ ದೂರದಲ್ಲಿ, ಭಾರವಾದ ಬಾಗಿಲನ್ನು ಹಾಕಿದ ಹಾಗೆ ಒಂದು ಸದ್ದು. ಸ್ವಲ್ಪ ಬಿಟ್ಟು ಇನ್ನೊಂದು.

ನಾನು ಅಕ್ಕನಿಗೆ ಹೇಳಿದೆ. ಅವರು ತಲೆಯಾಡಿಸಿದರಷ್ಟೇ. ಬೆರಳು ಗೆರೆಗೆ ಹತ್ತಿರವಾಗಿತ್ತು.

ಹತ್ತು ಮೂವತ್ತಾರಕ್ಕೆ ತಣ್ಣೀರು ದೊಡ್ಡ ವಿಮಾನದ ಕ್ಯಾಪ್ಟನ್‌ಗೆ ಹೇಳಿದ. ಆತ ಕೂಗಿದ. ಉತ್ತರವಿಲ್ಲ. ಅವಸರದಪ್ಪ ಪ್ರಯಾಣಿಕರ ಜೊತೆ ಹರಟೆ ಹೊಡೆಯುವಾಗ ರೇಡಿಯೋದ ದನಿ ತಗ್ಗಿಸುತ್ತಾನೆ ಎಂದು ನಿಲ್ದಾಣಕ್ಕೆಲ್ಲ ಗೊತ್ತು. ಮೂವತ್ತೇಳಕ್ಕೆ ಕ್ಯಾಪ್ಟನ್ ಮತ್ತೆ ಕೂಗಿದ. ಇಲ್ಲ. ಮೂವತ್ತೆಂಟು. ತಣ್ಣೀರಿನ ದನಿಯೂ ಮೊದಲ ಸಲ ಬಿಸಿಯಾದದ್ದನ್ನು ಕೇಳಿದೆ. "ಬಿಡದೆ ಕೂಗ್ತಾನೇ ಇರಿ" ಎಂದು ಅವನು ಕ್ಯಾಪ್ಟನ್‌ಗೆ ಹೇಳುತ್ತಿದ್ದ. ಅಕ್ಕನ ತುಟಿ ಅಲುಗುತ್ತಿತ್ತು. ಬೆರಳು ಅಲುಗುತ್ತಿರಲಿಲ್ಲ.

"ಸಿಕ್ಕಿದ" ಎಂದ ತಣ್ಣೀರು. "ತಿರುಗಿದಾನೆ ಅಕ್ಕ. ಎಡಕ್ಕೆ ತಿರುಗಿದಾನೆ. ಬಯಲನ್ನ ಸುತ್ತು ಹಾಕ್ಕೊಂಡು ಹೋಗ್ತಾನೆ."

ಹತ್ತು ಮೂವತ್ತೊಂಬತ್ತು. ಗೆರೆಗೆ ಎರಡೇ ಮೈಲಿ ಉಳಿದಿತ್ತು.

ಅಕ್ಕ ಗಾಜಿಗೆ ಹಣೆ ಹಚ್ಚಿಕೊಂಡು ನಿಂತರು. ಐದು ಸಾವಿರದ ಕೆಂಪು ಅವರ ಹಣೆಗೆ ಅಂಟಿತು. ಆಮೇಲೆ ಒದ್ದೆ ಬಟ್ಟೆ ತಂದು ಅದನ್ನು ಒರೆಸಿ ಎಂಟು ಸಾವಿರ ಎಂದು ಬರೆದರು. ಹೊಸ ಸೂಚನೆಯನ್ನು ಎಲ್ಲ ಕಡೆಗೂ ಕಳಿಸಿದರು. ನಾನು ಗೋಡೆಯ ಕಡೆ ತಿರುಗಿ ಅತ್ತೆ.

ಮಧ್ಯಾಹ್ನ ಮೂರಕ್ಕೆ ಅವಸರದಪ್ಪ ವಾಪಸು ಬಂದ. ಮುಖಕ್ಕೆ ಎಳ್ಳು ಹಾಕಿದರೆ ಸಿಡಿಯುವಂತಿತ್ತು. ಅವನು ಬಾಯಿ ತೆರೆಯುವುದಕ್ಕೆ ಮುಂಚೆಯೇ ಅಕ್ಕ ಕೌಂಟರ್ ದಾಟಿ ಬಂದು, ನಕ್ಷೆಯ ಮುಂದೆ ನಿಂತು, ತಮ್ಮ ಬೆರಳನ್ನು ನಮ್ಮ ನಿಲ್ದಾಣದ ಮೇಲಿಟ್ಟರು. ಅಲ್ಲಿಂದ ಎಳೆದುಕೊಂಡು ಬಂದು ಬಯಲಿನ ಗೆರೆಯ ಹತ್ತಿರ ನಿಲ್ಲಿಸಿದರು. "ಫಿರಂಗಿ. ಎಂಟು ಸಾವಿರದವರೆಗೆ. ಐದು ಅಂತ ನಾವು ತಪ್ಪು ಹೇಳಿ ಕಳಿಸಿದ್ವಿ. ಅದರ ಮೇಲೆ ನನ್ನ ಸಹಿ ಇದೆ" ಎಂದರು.

ಅವನು ಆ ಬೆರಳನ್ನು ನೋಡಿದ. "ಡಾಕ್ಟರಮ್ಮ ಯಾಕೆ ಸುತ್ತಿಕೊಂಡು ಹೋಗ್ತಿದೀವಿ ಅಂದ್ರು. ದಾರಿ ಚೆನ್ನಾಗಿದೆ, ನೀವು ನೋಡ್ಲಿ ಅಂತ, ಅಂದೆ" ಎಂದು ಕುರ್ಚಿ ಎಳೆದುಕೊಂಡು ಕೂತ. "ಪೇಷಂಟ್ ಚೆನ್ನಾಗಿದಾರಂತೆ. ಸ್ವಲ್ಪ ನೀರು ಕೊಡಿ ಅಕ್ಕ." ಅವನು ನಮ್ಮ ಕೋಣೆಯಲ್ಲಿ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಅವನು ಹೋದ ಮೇಲೆ ಅಕ್ಕ ವರದಿಯ ಹಾಳೆ ತೆಗೆದರು. ಇಂಥದ್ದು ಆದಾಗ ಆ ದಿನವೇ ಬರೆದು ಕಳಿಸಬೇಕು. ಅವರು ಗುಂಡು ಗುಂಡಾದ ಅಕ್ಷರದಲ್ಲಿ ಬರೆಯುತ್ತ ಹೋದರು. ಹತ್ತು ಇಪ್ಪತ್ತನಾಲ್ಕಕ್ಕೆ ಸಂಶಯ ಬಂತು. ಹತ್ತು ಇಪ್ಪತ್ತಾರಕ್ಕೆ ಕಂಟ್ರೋಲ್ ಕೋಣೆಗೆ ಫೋನು. ಅದರ ಕೆಳಗೆ, ವಿಳಂಬವಾಗಿದ್ದರೆ ಅದಕ್ಕೆ ಕಾರಣ ಎಂಬ ಖಾನೆಗೆ ಬಂದಾಗ ಪೆನ್ನು ನಿಲ್ಲಿಸಿ, ಹಾಳೆಯನ್ನು ನನ್ನ ಕಡೆ ತಿರುಗಿಸಿದರು.

"ಇದು ನಿನ್ನ ಖಾನೆ. ನೀನೇ ತುಂಬು."

"ಅಕ್ಕ, ಫೋನ್ ಸಿಗಲಿಲ್ಲ ಅಂತ..." ಎಂದು ಶುರು ಮಾಡಿದೆ.

"ಬೆಳಿಗ್ಗೆಯೂ ಒಂದು ಖಾನೆ ಖಾಲಿ ಇತ್ತು. ಅದರಲ್ಲಿ ನಿನಗೆ ತೋಚಿದ್ದು ಬರೆದೆ. ಇದರಲ್ಲಿ ಆಗಿದ್ದು ಬರಿ, ತಮ್ಮ."

ಅಷ್ಟು ದಿನದಲ್ಲಿ ಅವರು ನನ್ನನ್ನು ತಮ್ಮ ಎಂದು ಕರೆದದ್ದು ಬೇಕಾದಷ್ಟು ಸಲ. ಆ ದಿನವೂ ಕರೆಯುತ್ತಾರೆ ಎಂದು ನಾನು ಅಂದುಕೊಂಡಿರಲಿಲ್ಲ. ಪೆನ್ನು ತೆಗೆದುಕೊಂಡು ಬರೆದೆ: ಕೇಳಿದಾಗ ಸುಳ್ಳು ಹೇಳಿದೆ. ಎರಡು ನಿಮಿಷ ತಡವಾಯಿತು.

ಅಕ್ಕ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಓದಿದರು. ಸಹಿ ಹಾಕಲಿಲ್ಲ. ಕನ್ನಡಕ ತೆಗೆದು ನನ್ನನ್ನು ನೋಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಯಾವ ಅಂಕಿಗೂ ಕೇಳುವ ಹಾಗೆ ಕೇಳಿದರು.

"ಯಾವಾಗಿನಿಂದ ಎರಡು ನಿಮಿಷ?"

ನೀವು ಕೇಳಿದಾಗಿನಿಂದ ಎನ್ನಲು ಬಾಯಿ ತೆರೆದೆ. ಆಗಲಿಲ್ಲ. ಅವರು ಬಂದು ಗೆರೆ ಎಳೆಯುವಾಗ ತಲೆ ಎತ್ತದೆ ಸಣ್ಣ ಫಿರಂಗಿ ಇರಬೇಕು ಎಂದದ್ದು ನೆನಪಾಯಿತು. ಅದಕ್ಕೂ ಹಿಂದೆ ಫೋನು ಹೊಡೆದುಕೊಳ್ಳುತ್ತಿದ್ದದ್ದು, ಚಹಾ ತಣ್ಣಗಾಗುತ್ತಿದ್ದದ್ದು. ಹಾಳೆಯನ್ನು ವಾಪಸು ಎಳೆದುಕೊಂಡು, ಎರಡು ನಿಮಿಷ ಎಂಬುದನ್ನು ಹೊಡೆದುಹಾಕಿ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷದಿಂದ ಎಂದು ಬರೆದೆ.

ಅಕ್ಕ ಕನ್ನಡಕ ಹಾಕಿಕೊಂಡು, ಅದನ್ನು ಇನ್ನೊಮ್ಮೆ ಓದಿ, ಕೆಳಗೆ ಸಹಿ ಹಾಕಿದರು.